ಅಕ್ಕ ನೇಯ್ದ ಚಂದ್ರನ ಬೆನ್ನು

ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಯಾರಾದರೂ ಕೇಳಿದರೆ ನನಗೆ ಮೊದಲು ಸಿಟ್ಟು ಬರುತ್ತದೆ, ನಾಚಿಕೆ ಬರುವುದು ಆಮೇಲೆ. ನಮ್ಮ ದೇಶದ ನೌಕೆ ಚಂದ್ರನ ಮೇಲೆ ಇಳಿದ ಸಂಜೆಯೂ ಹಾಗೇ ಆಯಿತು. ಅರ್ಧ ಬೀದಿ ನಮ್ಮ ಮನೆಯ ಟಿ.ವಿ. ಮುಂದೆ ಸೇರಿತ್ತು. ಇಳಿದದ್ದೇ ತಡ ಎಲ್ಲರೂ ಚಪ್ಪಾಳೆ ತಟ್ಟಿದರು, ನನ್ನ ಹೆಂಡತಿ ಡಬ್ಬಿ ತೆಗೆದು ಬಂದವರ ಕೈಗೆಲ್ಲ ಸಕ್ಕರೆ ಹಾಕಿದಳು. ಅಕ್ಕ ಮಾತ್ರ ಚಪ್ಪಾಳೆ ತಟ್ಟದೆ ನನ್ನ ಕಡೆ ತಿರುಗಿದಳು.

"ಏನ್ ತಮ್ಮಾ, ಇವ್ರು ಇಳಿದಿರೋದು ನಮ್ಗೆ ಕಾಣೋ ಪಕ್ಕವಾ, ಕಾಣ್ದಿರೋ ಪಕ್ಕವಾ?"

"ಯಾವ ಪಕ್ಕ ಆದ್ರೇನು, ಇಳಿದ್ರು ತಾನೆ? ಸುಮ್ನೆ ನೋಡಕ್ಕಾ" ಅಂದೆ.

"ನೋಡ್ತಾನೇ ಇದೀನಿ. ಕಾಣ್ದಿರೋ ಪಕ್ಕ ಅಂತ ಒಂದು ಅದೆ ತಾನೆ? ಅದನ್ನ ಮೊದ್ಲು ಯಾರು ನೋಡಿದ್ರು?"

ಬಂದವರೆಲ್ಲ ನನ್ನ ಮುಖ ನೋಡಿದರು. ಬೀದಿಯಲ್ಲಿ ಡಿಪ್ಲೊಮಾ ಓದಿದವನು ನಾನೊಬ್ಬನೇ. ಗೊತ್ತಿಲ್ಲ ಅನ್ನುವುದರ ಬದಲು ಎದ್ದುಹೋಗಿ ಹೊರಗಿನ ನಲ್ಲಿಯಲ್ಲಿ ಕಾಲು ತೊಳೆದುಕೊಂಡೆ.

ಅಕ್ಕನಿಗೆ ಅರವತ್ತರ ಹತ್ತಿರ, ನನಗಿಂತ ಆರು ವರ್ಷ ದೊಡ್ಡವಳು. ಭಾವ ತೀರಿಕೊಂಡ ಮೇಲೆ ತನ್ನ ಮಗ್ಗವನ್ನು ಬಿಚ್ಚಿಸಿ ಗಾಡಿಯಲ್ಲಿ ಹಾಕಿಸಿಕೊಂಡು ನಮ್ಮ ಮನೆಗೆ ಬಂದವಳು. ನಮ್ಮೂರು ಮೆಟ್ಟುಪಾಳ್ಯಂ ಹತ್ತಿರ, ಬೀದಿಯ ತುಂಬ ನೇಯುವವರು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಹೀಗೆ ಎಷ್ಟು ತಲೆಮಾರಾಯಿತೋ ಯಾರೂ ಎಣಿಸಿಲ್ಲ. ಅಕ್ಕ ಐದನೇ ಕ್ಲಾಸಿನವರೆಗೆ ತಮಿಳು ಓದಿ ಮಗ್ಗಕ್ಕೆ ಕುಳಿತಳು. ನಾನು ಓದಲೆಂದೇ ಅವಳನ್ನು ಬಿಡಿಸಿದ್ದು. ಕನ್ನಡ ಅಕ್ಷರ ನಮ್ಮ ಬೀದಿಯಲ್ಲಿ ಯಾರಿಗೂ ಬಾರದು. ಕರುಮತ್ತಂಪಟ್ಟಿಯಲ್ಲಿ ನಾನು ಕೆಲಸ ಮಾಡುವ ಪವರ್‌ಲೂಮ್ ಯೂನಿಟ್ಟಿಗೆ ಮೈಸೂರು ಕಡೆಯಿಂದ ಒಬ್ಬ ಸೂಪರ್‌ವೈಸರ್ ಬಂದಿದ್ದರು. "ನಿಮ್ಮ ಕನ್ನಡ ತಮಿಳಿನ ಹಾಗೆ ಕೇಳಿಸುತ್ತದೆ" ಎಂದು ಅವರು ನಕ್ಕದ್ದಕ್ಕೆ ರೇಗಿ, ಹಟ ಹಿಡಿದು ಅವರಿಂದಲೇ ಓದು ಬರಹ ಕಲಿತೆ. ಆಗ ನನಗೆ ನಲವತ್ತು ದಾಟಿತ್ತು. ಸಿಟ್ಟಿನಿಂದ ನನಗಾದ ಲಾಭ ಅದೊಂದೇ.

ಯೂನಿಟ್ಟಿನಲ್ಲಿ ನನ್ನ ಕೆಲಸ ಡಿಸೈನ್ ಹಾಕುವುದು. ಬಟ್ಟೆಯಲ್ಲಿ ನವಿಲು ಬರಬೇಕೆಂದರೆ ಮೊದಲು ಅದನ್ನು ಚೌಕಳಿ ಕಾಗದದ ಮೇಲೆ ಬರೆಯಬೇಕು. ಒಂದು ಚೌಕವೆಂದರೆ ಒಂದು ಎಳೆ. ತುಂಬಿದ ಚೌಕವಿದ್ದಲ್ಲಿ ಎಳೆ ಮೇಲೇಳುತ್ತದೆ, ಖಾಲಿ ಇದ್ದಲ್ಲಿ ಏಳುವುದಿಲ್ಲ. ಕಾಗದದ ಒಂದೊಂದು ಸಾಲಿಗೂ ಒಂದೊಂದು ರಟ್ಟಿನ ಪಟ್ಟಿಯಲ್ಲಿ ತೂತು ಹೊಡೆದು, ಪಟ್ಟಿಗಳನ್ನು ಸರವಾಗಿ ಕಟ್ಟಿ, ಮಗ್ಗದ ನೆತ್ತಿಯ ಮೇಲೆ ಎಳೆ ಎತ್ತುವ ಜಕಾರ್ಡ್ ಪೆಟ್ಟಿಗೆ ಹಾಕುತ್ತಾರೆ. ಆ ಪಟ್ಟಿಗೆ ನಮ್ಮವರು ಅಟ್ಟೆ ಅನ್ನುತ್ತಾರೆ. ಅಕ್ಕ ಕಾಲಲ್ಲಿ ಒಮ್ಮೆ ತುಳಿದರೆ ಒಂದು ಅಟ್ಟೆ ತಿರುಗುತ್ತದೆ, ಒಂದು ಸಾಲು ನೇಯುತ್ತದೆ. ಈಗ ಯೂನಿಟ್ಟುಗಳಲ್ಲಿ ಇದೆಲ್ಲ ಕಂಪ್ಯೂಟರಿಗೆ ಹೋಗಿದೆ. ಮನೆಯ ಕೈಮಗ್ಗದಲ್ಲಿ ಮಾತ್ರ ಇನ್ನೂ ಅಟ್ಟೆಯೇ.

ಟಿ.ವಿ. ನೋಡಿದ ಎರಡು ತಿಂಗಳಿಗೆ ಅಕ್ಕ ಕಣ್ಣಿನ ವಿಷಯ ಹೇಳಿದಳು. ಕಡಿದ ಎಳೆಯನ್ನು ಹುಡುಕುವಾಗ ಎಳೆ ಇರುವ ಜಾಗದಲ್ಲೇ ಮಸುಕು, ಅದರ ಪಕ್ಕದ್ದೆಲ್ಲ ಚೆನ್ನಾಗಿ ಕಾಣುತ್ತದೆ ಅಂದಳು. ಕೊಯಮತ್ತೂರಿನ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರಮ್ಮ ಒಳ್ಳೆಯವರು, ನಿಧಾನವಾಗಿ ತಮಿಳಿನಲ್ಲಿ ಬಿಡಿಸಿ ಹೇಳಿದರು. ಕಣ್ಣಿನ ಹಿಂದಿನ ಪರದೆಯ ನಡುಭಾಗ ಸವೆಯುತ್ತಿದೆ, ಎರಡೂ ಕಣ್ಣಲ್ಲಿ. ಪೂರ್ತಿ ಕತ್ತಲಾಗುವುದಿಲ್ಲ, ಅಂಚಿನ ನೋಟ ಉಳಿಯುತ್ತದೆ, ನಡುವಿನದು ಹೋಗುತ್ತದೆ. ಆಪರೇಷನ್ ಮಾಡಿ ಸರಿಪಡಿಸುವಂಥದ್ದಲ್ಲ. ಎಷ್ಟು ದಿನ ಅಂತ ಖಚಿತವಾಗಿ ಹೇಳಲು ಬರುವುದಿಲ್ಲ. ಬೇಸಿಗೆ ಹೊತ್ತಿಗೆ ಸಣ್ಣ ಕೆಲಸ ಕಷ್ಟವಾಗಬಹುದು.

ಬಸ್ಸಿನಲ್ಲಿ ನಾನು ಡಾಕ್ಟರನ್ನೂ ಬಸ್ಸನ್ನೂ ರಸ್ತೆಯನ್ನೂ ಬೈಯುತ್ತಾ ಕುಳಿತಿದ್ದೆ. ಅಳು ಬರುತ್ತಿತ್ತು, ಅದನ್ನು ತಡೆಯಲು ನನಗೆ ಗೊತ್ತಿರುವುದು ಅದೊಂದೇ ದಾರಿ. ಕಾರಮಡೆ ದಾಟಿದ ಮೇಲೆ ಅಕ್ಕ ಬಾಯಿ ಬಿಟ್ಟಳು.

"ತಮ್ಮಾ, ಕಣ್ಣು ಹೋಗೋಕೆ ಮುಂಚೆ ಒಂದು ನೇಯ್ಬೇಕು. ನವಿಲು, ಮಾವು, ಆನೆ ಎಲ್ಲಾ ಆಯ್ತು. ಎಲ್ಲಾ ನೋಡಿದ್ದೇ. ನಾನು ನೋಡ್ದೇ ಇರೋದು ಒಂದು ನೇಯ್ದು, ಅದನ್ನ ನೇರಾ ಕಣ್ಣಲ್ಲಿ ನೋಡ್ಬೇಕು."

"ಏನದು?"

"ಅವತ್ತು ಕೇಳಿದ್ನಲ್ಲ. ನಿಲಾದ ಆ ಪಕ್ಕ."

ನಮ್ಮ ಮನೆಯಲ್ಲಿ ಚಂದ್ರನಿಗೆ ನಿಲಾ ಅಂತಲೇ ಹೇಳುವುದು. ಅವಳು ಇದನ್ನು ಮಾರ್ಕೆಟ್ಟಿನಲ್ಲಿ ತರಕಾರಿ ಕೇಳುವ ಹಾಗೆ ಕೇಳಿದಳು. ಆ ಸಲ ಮಾತ್ರ ನಾನು ರೇಗಲಿಲ್ಲ.

ಅವತ್ತಿನಿಂದ ನಾನು ಹುಡುಕಿ ಓದತೊಡಗಿದೆ. ಊಟದ ಬಿಡುವಿನಲ್ಲಿ ಯೂನಿಟ್ಟಿನ ಕಂಪ್ಯೂಟರಿನಲ್ಲಿ, ಬಸ್ಸಿನಲ್ಲಿ ಫೋನಿನಲ್ಲಿ. ಮೊದಲು ಗೊತ್ತಾದದ್ದು, ನಮ್ಮ ನೌಕೆ ಇಳಿದದ್ದು ನಮಗೆ ಕಾಣುವ ಪಕ್ಕದಲ್ಲೇ, ಕೆಳತುದಿಯ ಹತ್ತಿರ. ಕಾಣದ ಪಕ್ಕವನ್ನು ಮೊದಲು ನೋಡಿದ್ದು ಮನುಷ್ಯನಲ್ಲ, ಒಂದು ಯಂತ್ರ. ಅರವತ್ತು ವರ್ಷಕ್ಕೂ ಹಿಂದೆ, ಅಕ್ಕ ಹುಟ್ಟುವುದಕ್ಕೂ ಮುಂಚೆ, ರಷ್ಯಾದವರು ಕಳಿಸಿದ್ದು. ಒಳಗೆ ಯಾರೂ ಇಲ್ಲ. ಅದು ಚಂದ್ರನನ್ನು ಬಳಸಿ ಆಚೆಗೆ ಹೋಗಿ, ತನ್ನ ಗಿರಕಿಯನ್ನು ತಾನೇ ನಿಲ್ಲಿಸಿ, ಬಿಸಿಲು ಎಲ್ಲಿ, ಚಂದ್ರ ಎಲ್ಲಿ ಎಂದು ತಾನೇ ಗುರುತು ಹಿಡಿದು, ಫೋಟೋ ತೆಗೆಯಿತು. ಫಿಲ್ಮನ್ನು ತನ್ನ ಹೊಟ್ಟೆಯೊಳಗೇ ತೊಳೆದು ಒಣಗಿಸಿತು. ಆಮೇಲೆ ಬೆಳಕಿನ ಒಂದು ಚುಕ್ಕೆಯನ್ನು ಫಿಲ್ಮಿನ ಮೇಲೆ ಸಾಲು ಸಾಲಾಗಿ ಓಡಿಸಿ, ಕಪ್ಪೆಷ್ಟು ಬಿಳುಪೆಷ್ಟು ಎಂಬುದನ್ನು ರೇಡಿಯೋದಲ್ಲಿ ಕಳಿಸಿತು. ಇಲ್ಲಿ ಅದನ್ನು ಮತ್ತೆ ಸಾಲು ಸಾಲಾಗಿ ಜೋಡಿಸಿದರು.

ಈ ಕೊನೆಯ ಸಾಲು ಓದಿದಾಗ ನನಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಇಪ್ಪತ್ತೈದು ವರ್ಷ ನಾನು ಮಾಡಿದ ಕೆಲಸ ಅದೇ. ಚಿತ್ರ ಒಡೆದು ಸಾಲು ಮಾಡು, ಸಾಲು ಕಟ್ಟಿ ಚಿತ್ರ ಮಾಡು. ಸೂಪರ್‌ವೈಸರ್ ಬಂದು ಮೈ ಹುಷಾರಿಲ್ಲವೇ ಎಂದು ಕೇಳಿದರು.

ಅಕ್ಕನಿಗೆ ಇದನ್ನು ಪೂರ್ತಿ ಹೇಳಲು ಪುರುಸೊತ್ತು ಸಿಕ್ಕಿದ್ದು ಅಮಾವಾಸ್ಯೆಯ ದಿನ. ನಮ್ಮಲ್ಲಿ ಅಮಾವಾಸ್ಯೆಗೆ ಮಗ್ಗ ತುಳಿಯುವುದಿಲ್ಲ, ಕೈಮಗ್ಗದವರಿಗೆ ಅವತ್ತೇ ರಜ. ನಾನೂ ಯೂನಿಟ್ಟಿಗೆ ರಜ ಹಾಕಿದ್ದೆ. ಹಿತ್ತಲಲ್ಲಿ ಕುಳಿತು ಅವಳು ಅವರೆ ಸುಲಿಯುತ್ತಿದ್ದಳು.

"ಒಳ್ಗೆ ಯಾರೂ ಇಲ್ದೆ ಫಿಲಿಂ ತೊಳ್ದದಾ?" ಅಂದಳು. "ನಿನ್ನ ಮದ್ವೆ ಫೋಟೋ ತೊಳ್ದು ಕೊಡೋಕೆ ಆ ಸ್ಟುಡಿಯೋದವ್ನು ಮೂರು ತಿಂಗ್ಳು ಮಾಡ್ದ."

ಆ ಯಂತ್ರದ ಫಿಲ್ಮ್ ಕೂಡ ರಷ್ಯಾದವರದ್ದಲ್ಲವಂತೆ, ಅಮೆರಿಕದವರು ಬೇಹುಗಾರಿಕೆಗೆ ಹಾರಿಸಿದ ಬಲೂನುಗಳಿಂದ ಸಿಕ್ಕಿದ್ದಂತೆ ಎಂದು ಕೆಲವರು ಹೇಳುತ್ತಾರೆ. ಅದನ್ನೂ ಹೇಳಿದೆ. ಅಕ್ಕ ಅವರೆಕಾಯಿ ಬಿಟ್ಟು ನಕ್ಕಳು. ಆಮೇಲೆ ಇದ್ದಕ್ಕಿದ್ದ ಹಾಗೆ ನಗು ನಿಲ್ಲಿಸಿದಳು.

"ಇವತ್ತು ಅಮಾವಾಸೆ. ಇವತ್ತು ಆ ಪಕ್ಕ ಹೆಂಗಿರ್ತದೆ?"

ನಾನು ಒಂದು ಅವರೆಕಾಳನ್ನು ಚಂದ್ರ ಮಾಡಿ, ಬೆರಳನ್ನು ಸೂರ್ಯ ಮಾಡಿ ತೋರಿಸಹೋದೆ. ತೋರಿಸುವಾಗಲೇ ನನಗೂ ಹೊಳೆಯಿತು. ಸೂರ್ಯ ಚಂದ್ರನ ಆಚೆ ಇದ್ದಾನೆ ಅಂದ ಮೇಲೆ ಬೆಳಕೆಲ್ಲ ಆ ಪಕ್ಕಕ್ಕೇ ಬೀಳಬೇಕು. ನಮಗೆ ಅಮಾವಾಸ್ಯೆಯಾದ ದಿನ ಅಲ್ಲಿ ತುಂಬು ಹುಣ್ಣಿಮೆ. ಆ ಯಂತ್ರವನ್ನೂ ಅದಕ್ಕೇ ಅಮಾವಾಸ್ಯೆ ಮುಗಿದ ಬೆನ್ನಿಗೆ ಕಳಿಸಿದ್ದರು. ಫೋಟೋ ತೆಗೆಯುವ ಹೊತ್ತಿಗೆ ಆ ಪಕ್ಕದ ಬಹುಪಾಲು ಬಿಸಿಲಲ್ಲಿತ್ತು.

"ಇಷ್ಟು ವರ್ಷ ನಿಲಾ ಇಲ್ಲಾಂತ ರಜ ಹಾಕ್ಕೊಂಡು ಕೂತಿದೀವಲ್ಲಾ" ಅಂದಳು ಅಕ್ಕ. ಅವಳ ಮುಖದಲ್ಲಿ ಅಂಥ ಸಂತೋಷವನ್ನು ನಾನು ನೋಡಿ ಬಹಳ ಕಾಲವಾಗಿತ್ತು.

ಪೊಂಗಲ್ ತನಕ ಪ್ರತಿ ಭಾನುವಾರ ಗ್ರಾಫ್ ಹಾಕಿದೆ. ಕಪ್ಪು ಹಾಸು, ಬಿಳಿ ಹೊಕ್ಕು, ಎರಡೇ ಬಣ್ಣ. ಬಿಳಿ ಎಳೆ ಎಷ್ಟು ದೂರ ಮೇಲೆ ಕಾಣುತ್ತದೆ ಎನ್ನುವುದರಲ್ಲೇ ನೆರಳು ಬರಬೇಕು. ಚಿತ್ರ ಮಹಾ ಮಸುಕು. ಎಡಗಡೆ ಒಂದಷ್ಟು ಕಪ್ಪು ಮಚ್ಚೆಗಳು. ಅವು ನಮಗೂ ಕಾಣುವ ಪಕ್ಕದ ಅಂಚು. ಬಲಗಡೆ ಮೇಲೆ ಒಂದು ದುಂಡು ಮಚ್ಚೆ, ಕೆಳಗೆ ಇನ್ನೊಂದು ಪುಟ್ಟದು, ಅದರ ನಡುವೆ ಒಂದು ಬಿಳಿ ಚುಕ್ಕೆ. ಉಳಿದದ್ದೆಲ್ಲ ಬೂದಿ ಬಣ್ಣ, ಅಡ್ಡಡ್ಡ ಗೆರೆ. ಯಂತ್ರ ದೂರವಿದ್ದಾಗ ಕಳಿಸಿದ್ದು ಸರಿಯಾಗಿ ಬರದೆ, ಅದು ಭೂಮಿಯ ಹತ್ತಿರ ಬರುವ ತನಕ ಕಾದು ಮತ್ತೆ ಪಡೆದುಕೊಂಡದ್ದಂತೆ. ಆದರೂ ಅಷ್ಟೇ ಬಂದದ್ದು.

ಆ ಚಿತ್ರ ನೋಡಿದವರು ಒಂದು ಕಡೆ ಉದ್ದನೆಯ ಬಿಳಿ ಪಟ್ಟೆಯನ್ನು ಕಂಡು ಅದು ಬೆಟ್ಟಸಾಲು ಅಂದುಕೊಂಡು ಹೆಸರನ್ನೂ ಇಟ್ಟರು. ಆಮೇಲೆ ಹೋದ ಯಂತ್ರಗಳು ಹತ್ತಿರದಿಂದ ನೋಡಿದರೆ ಅಲ್ಲಿ ಬೆಟ್ಟವೇ ಇಲ್ಲ. ಹೆಸರನ್ನು ತೆಗೆದುಹಾಕಿದರು. ಇದನ್ನು ಓದಿ ನನಗೆ ಬಹಳ ಖುಷಿಯಾಯಿತು. ಬೇರೆಯವರ ತಪ್ಪು ಸಿಕ್ಕರೆ ನನಗೆ ಹಬ್ಬ. ಗ್ರಾಫಿನಲ್ಲಿ ಆ ಪಟ್ಟೆಯನ್ನು ಅಳಿಸಿಬಿಡಲೇ ಎಂದು ಅಕ್ಕನನ್ನು ಕೇಳಿದೆ.

"ಬೇಡ. ಮೊದ್ಲು ನೋಡ್ದವ್ರು ಹೆಂಗೆ ನೋಡಿದ್ರೋ ಹಂಗೇ ಇರ್ಲಿ" ಅಂದಳು. "ತಪ್ಪೂಂತ ಒಪ್ಕೊಂಡ್ರು ತಾನೆ. ಅದೇ ದೊಡ್ದು."

ಪೊಂಗಲ್ ಕಳೆದು ತೈ ತಿಂಗಳಲ್ಲಿ ಅಟ್ಟೆ ಹೊಡೆಸಿಕೊಂಡು ಬಂದೆ. ಸಾವಿರಕ್ಕೂ ಮೇಲಿದ್ದವು. ಕಪ್ಪು ಹಾಸನ್ನು ಮಗ್ಗಕ್ಕೆ ಏರಿಸಿ ಸಾವಿರಾರು ಎಳೆಗಳನ್ನು ಒಂದೊಂದಾಗಿ ಸೇದಿ ಗಂಟು ಹಾಕಬೇಕು. ಕಪ್ಪು ಎಳೆ ಅವಳ ಕಣ್ಣಿಗೆ ಸಿಕ್ಕದೆ ಸತಾಯಿಸಿತು. ನನ್ನ ಹೆಂಡತಿ ಎದುರು ಕುಳಿತು ಎಳೆ ಎತ್ತಿಕೊಟ್ಟಳು, ಅಕ್ಕ ಬೆರಳಲ್ಲೇ ಗಂಟು ಹಾಕಿದಳು. ಮುಂದಿನ ತಿಂಗಳು, ಮಾಸಿಯ ಒಂದು ಬೆಳಿಗ್ಗೆ ಮಗ್ಗಕ್ಕೆ ಕುಂಕುಮವಿಟ್ಟು ಮೊದಲ ಸಾಲು ತುಳಿದಳು.

ಅಕ್ಕನ ಮಗ್ಗದ ಒಂದು ಪದ್ಧತಿಯನ್ನು ಇಲ್ಲಿ ಹೇಳಲೇಬೇಕು. ಅವಳು ಬಟ್ಟೆಯ ಮುಖವನ್ನು ಕೆಳಗೆ ಮಾಡಿ ನೇಯುವವಳು. ಹಾಗೆ ಮಾಡಿದರೆ ಪೆಟ್ಟಿ ಎತ್ತಬೇಕಾದ ಎಳೆ ಕಡಿಮೆ, ಕಾಲಿಗೆ ಹಗುರ. ಆದರೆ ನೇಯುವಷ್ಟು ಹೊತ್ತೂ ಕಣ್ಣೆದುರು ಇರುವುದು ಬಟ್ಟೆಯ ಬೆನ್ನು. ಅಲ್ಲಿ ಬಿಳುಪು ಇರಬೇಕಾದ ಕಡೆ ಕಪ್ಪು, ಕಪ್ಪಿನ ಕಡೆ ಬಿಳುಪು. ಮುಖ ಸರಿಯಾಗಿ ಬರುತ್ತಿದೆಯೇ ಎಂದು ನೋಡಲು ಒಂದು ಕೈಗನ್ನಡಿಯನ್ನು ಬಟ್ಟೆಯ ಕೆಳಗೆ ಚಾಚಿ, ಬಾಗಿ ನೋಡುತ್ತಾಳೆ. ನಮ್ಮ ಬೀದಿಯಲ್ಲಿ ಹೆಚ್ಚಿನವರು ಹೀಗೇ.

ದಿನವೂ ಸಂಜೆ ನಾನು ಬಂದ ಕೂಡಲೇ ಅಕ್ಕ ಕನ್ನಡಿ ಚಾಚಿ ತೋರಿಸುತ್ತಿದ್ದಳು. ಎಡಗಡೆ ಕಪ್ಪು ಮಚ್ಚೆಗಳು, ಬಲಗಡೆ ಮೇಲೆ ದುಂಡು ಮಚ್ಚೆ, ಎಲ್ಲವೂ ಫೋನಿನ ಚಿತ್ರದಲ್ಲಿ ಇದ್ದ ಹಾಗೇ. "ಆಮಾ, ಸರಿಯಾಗಿದೆ" ಅನ್ನುತ್ತಿದ್ದೆ, ಹೌದು ಅನ್ನಲು ನಮಗೆ ಬಾಯಿಗೆ ಬರುವುದು ತಮಿಳೇ. ನೋಡಲು ಬಂದ ಎದುರು ಮನೆಯ ಅತ್ತೆ, "ಹಳಸಿದ ದೋಸೆ ಇದ್ದಂಗದೆ, ಇದನ್ನ ಯಾರು ಉಡ್ತಾರೆ?" ಎಂದು ಕೇಳಿದರು. ಉಡಲು ಅಲ್ಲ, ನೋಡಲು ಎಂದು ಅಕ್ಕ ಹೇಳಿದ್ದು ಅವರಿಗೆ ಹಿಡಿಸಲಿಲ್ಲ. ಕಣ್ಣು ಚೆನ್ನಾಗಿದ್ದಾಗ ಮೂರು ನಾಲ್ಕು ದಿನದಲ್ಲಿ ಮುಗಿಸುತ್ತಿದ್ದ ಕೆಲಸಕ್ಕೆ ಎರಡು ವಾರ ಹಿಡಿಯಿತು. ಒಂದು ಎಳೆ ಕಡಿದರೆ ಅದನ್ನು ಹುಡುಕುವುದರಲ್ಲೇ ಅರ್ಧ ಗಂಟೆ. ಅವಳು ತಲೆಯನ್ನು ಓರೆ ಮಾಡಿ ಕಣ್ಣಂಚಿನಿಂದ ಹುಡುಕುವುದನ್ನು ನಾನು ಬಾಗಿಲಲ್ಲಿ ನಿಂತು ನೋಡಿ, ನೋಡಲಾರದೆ ಹೊರಗೆ ಹೋಗುತ್ತಿದ್ದೆ.

ಬಟ್ಟೆ ಕತ್ತರಿಸಿದ ದಿನ ಭಾನುವಾರ. ಅಕ್ಕ ಸ್ನಾನ ಮಾಡಿ, ಪೂಜೆ ಮಾಡಿ, ಕತ್ತರಿ ಹಾಕಿದಳು. ಮಡಿಚಿದ ಬಟ್ಟೆಯನ್ನು ತಂದು ಕಿಟಕಿಯ ಬಳಿಯ ಮಂಚದ ಮೇಲೆ ಮುಖ ಮೇಲೆ ಮಾಡಿ ಹರಡಿದೆ. ಅಕ್ಕ ಬಾಗಿದಳು. ನಡುವೆ ಸ್ವಲ್ಪ ಮಸುಕಿದೆ, ಆದರೂ ಕಾಣುತ್ತದೆ ಅಂದಳು. ಬಹಳ ಹೊತ್ತು ನೋಡಿದಳು. ನಾನೂ ನೋಡಿದೆ.

ದುಂಡು ಮಚ್ಚೆ ಎಡಗಡೆ ಇತ್ತು.

ಮೊದಲು ಬಟ್ಟೆಯನ್ನು ತಲೆಕೆಳಗೆ ಹರಡಿರಬೇಕು ಅಂದುಕೊಂಡೆ. ಇಲ್ಲ. ಮೇಲಿನದು ಮೇಲೆ, ಕೆಳಗಿನದು ಕೆಳಗೆ ಸರಿಯಾಗೇ ಇತ್ತು. ಎಡಬಲ ಮಾತ್ರ ಅದಲು ಬದಲು. ಆಗ ನೆನಪಾಯಿತು. ಯೂನಿಟ್ಟಿನ ಪವರ್‌ಲೂಮುಗಳಲ್ಲಿ ಮುಖ ಮೇಲೆ ಬರುತ್ತದೆ, ಗ್ರಾಫನ್ನು ಇದ್ದ ಹಾಗೇ ಕೊಟ್ಟರಾಯಿತು. ಮುಖ ಕೆಳಗಾಗುವ ಮಗ್ಗಕ್ಕೆ ಎಡಬಲ ತಿರುಗಿಸಿ ಕೊಡಬೇಕು. ಇದು ನಮ್ಮ ಬೀದಿಯಲ್ಲಿ ಹುಟ್ಟಿದ ಯಾರಿಗಾದರೂ ಗೊತ್ತಿರುವ ಮಾತು. ಇಪ್ಪತ್ತೈದು ವರ್ಷ ಮುಖ ಮೇಲಾದ ಬಟ್ಟೆ ನೋಡಿ ನೋಡಿ ನನ್ನ ಮನೆಯ ಮಗ್ಗವನ್ನೇ ಮರೆತಿದ್ದೆ. ಮದುವೆ ಸೀರೆಗೆ ಹೆಸರು ನೇಯುವಾಗ ಅಕ್ಕನಿಗೆ ಗೊತ್ತು, ಕನ್ನಡಿಯಲ್ಲಿ ಅಕ್ಷರ ತಿರುವುಮುರುವಾಗಿ ಕಂಡರೆ ಬಟ್ಟೆಯಲ್ಲಿ ಸರಿ. ಚಂದ್ರನ ಬೆನ್ನಿಗೆ ಅಂಥ ಅಕ್ಷರ ಇಲ್ಲ. ಕನ್ನಡಿಯಲ್ಲಿ ಸರಿಯಾಗಿ ಕಂಡದ್ದೇ ತಪ್ಪಾಗಿತ್ತು, ದಿನಾ ಸಂಜೆ ನಾನೇ ಅದಕ್ಕೆ ಆಮಾ ಅಂದಿದ್ದೆ.

"ಸರಿಯಾಗಿ ಬಂದದೆ ತಾನೆ?" ಎಂದಳು ಅಕ್ಕ.

"ಚೆನ್ನಾಗಿ ಬಂದದೆ" ಅಂದೆ. ಸರಿಯಾಗಿ ಅನ್ನುವ ಮಾತು ಬಾಯಿಂದ ಬರಲಿಲ್ಲ.

ಆ ವಾರವೆಲ್ಲ ನಾನು ಯಾರನ್ನೂ ಬೈಯಲಿಲ್ಲ. ಸಾರಿಗೆ ಉಪ್ಪಿಲ್ಲದಿದ್ದರೂ ಸುಮ್ಮನೆ ಉಂಡೆ. ಹೆಂಡತಿ ಹೆದರಿ, ಕೆಲಸ ಹೋಯಿತೇ ಎಂದು ಕೇಳಿದಳು. ಹೇಳಿದೆ. ಅವಳು ಅಡುಗೆಮನೆಯ ಬಾಗಿಲು ಮುಂದೆ ಮಾಡಿ, "ಹೇಳ್ಬೇಡಿ. ಯಾರಿಗೆ ಗೊತ್ತಾಗ್ತದೆ? ಪಾಪ, ನೋಡಿ ನೋಡಿ ಖುಷಿ ಪಡ್ತಾ ಅವ್ರೆ" ಅಂದಳು. ಅವಳು ಹೇಳಿದ್ದು ನಿಜ. ಇಡೀ ಜಿಲ್ಲೆಯಲ್ಲಿ ಆ ಬಟ್ಟೆ ನೋಡಿ ತಪ್ಪು ಅನ್ನಬಲ್ಲವನು ನಾನೊಬ್ಬನೇ. ಅಕ್ಕ ದಿನವೂ ಊಟವಾದ ಮೇಲೆ ಬಟ್ಟೆಯನ್ನು ತೆಗೆದು, ಕಿಟಕಿಯ ಬೆಳಕಿಗೆ ಹಿಡಿದು, ದುಂಡು ಮಚ್ಚೆಯ ಮೇಲೆ ಬೆರಳಿಟ್ಟು ನೋಡುತ್ತಿದ್ದಳು. ನಾನು ಅದನ್ನು ಕಂಡೂ ಕಾಣದಂತೆ ಓಡಾಡುತ್ತಿದ್ದೆ.

ಎಷ್ಟು ಲೆಕ್ಕ ಹಾಕಿದರೂ ಒಂದೇ ಕಡೆಗೆ ಬಂದು ನಿಲ್ಲುತ್ತಿತ್ತು. ಅವಳು ಕೇಳಿದ್ದು ಚೆಂದದ ಬಟ್ಟೆಯನ್ನಲ್ಲ. ತಾನು ನೋಡದೇ ಇರುವುದನ್ನು ನೋಡಬೇಕು ಅಂದಿದ್ದಳು. ಅವಳು ಖುಷಿಯಿಂದ ನೋಡುತ್ತಿದ್ದ ಆ ಚಂದ್ರ ಎಲ್ಲಿಯೂ ಇಲ್ಲ. ಕಣ್ಣು ಪೂರ್ತಿ ಮಸುಕಾದ ಮೇಲೆ ಅವಳ ನೆನಪಿನಲ್ಲಿ ಉಳಿಯುವುದೂ ಅದೇ. ಐದನೇ ಕ್ಲಾಸಿಗೆ ಬಿಡಿಸಿದ್ದು ಸಾಲದೆಂದು ಈಗ ಸುಳ್ಳನ್ನೂ ನಾನೇ ಕಲಿಸಿಕೊಟ್ಟ ಹಾಗಾಗುತ್ತದೆ ಎಂದು ಅನ್ನಿಸಿತು.

ಮುಂದಿನ ಅಮಾವಾಸ್ಯೆಗೆ, ಮಗ್ಗ ನಿಂತಿದ್ದ ದಿನ, ಹೇಳಿದೆ. ಫೋನಿನ ಚಿತ್ರವನ್ನು ದೊಡ್ಡದು ಮಾಡಿ ಅವಳ ಕೈಗೆ ಕೊಟ್ಟು, ಬಟ್ಟೆಯನ್ನು ಪಕ್ಕದಲ್ಲಿ ಹರಡಿದೆ. ಅಕ್ಕ ತಲೆ ಓರೆ ಮಾಡಿ ಅದನ್ನು ನೋಡಿದಳು, ಇದನ್ನು ನೋಡಿದಳು. ಅವಳು ಅಳುತ್ತಾಳೆ ಅಂದುಕೊಂಡಿದ್ದೆ.

"ಯಾವತ್ತು ಗೊತ್ತಾಯ್ತು?"

"ಕತ್ತರಿಸ್ದ ದಿನ."

"ಅವತ್ತೇ ಯಾಕೆ ಹೇಳ್ಲಿಲ್ಲ?" ಅವಳ ದನಿ ಏರಿತು. "ಹತ್ತು ದಿನ! ಕಣ್ಣು ಇರೋದೇ ಎಣಿಸ್ಕೊಂಡು ಇಷ್ಟು ದಿನ, ಅದ್ರಲ್ಲಿ ಹತ್ತು ದಿನ ನೀನು ಬಾಯಿ ಮುಚ್ಕೊಂಡು ಇದ್ಯಲ್ಲಾ! ಊರಲ್ಲಿ ಇರೋರ ತಪ್ಪೆಲ್ಲಾ ಹೇಳ್ತೀಯ, ನಿನ್ನದು ಒಂದು ಹೇಳೋಕೆ ಹತ್ತು ದಿನ ಬೇಕಾ?"

ನನ್ನ ಐವತ್ತಮೂರು ವರ್ಷದಲ್ಲಿ ಅಕ್ಕ ನನ್ನನ್ನು ಹಾಗೆ ಬೈದದ್ದು ಅದೇ ಮೊದಲು. ಎದುರು ಮನೆಯ ಅತ್ತೆ ಹೊರಗೆ ಬಂದು ನಿಂತರು. ನಾನು ತಲೆ ತಗ್ಗಿಸಿ ಕೇಳಿಸಿಕೊಂಡೆ. ಬೈದು ಮುಗಿಸಿದ ಮೇಲೆ ಅವಳು ನೀರು ಕುಡಿದು ಬಂದು ಮಗ್ಗದ ಬಳಿ ಕುಳಿತಳು.

"ಹಾಸು ಎಷ್ಟು ಉಳಿದದೆ?"

"ಒಂದು ಗಜದ ಮೇಲದೆ."

"ಅಟ್ಟೆ ಮಗುಚಿ ಕಟ್ಟು. ನಾಳೆಯಿಂದ ತುಳಿತೀನಿ."

"ಅಕ್ಕಾ, ಎಳೆ ಕಡಿದ್ರೆ?"

"ನೀನು ಹುಡುಕು. ತಪ್ಪು ನಿಂದು ತಾನೆ?"

ತೂತಿನ ಅಟ್ಟೆಯನ್ನು ಹಿಂದು ಮುಂದಾಗಿ ಮಗುಚಿದರೆ ಎಡಬಲ ತಿರುಗುತ್ತದೆ, ಹೊಸದಾಗಿ ಹೊಡೆಸಬೇಕಿಲ್ಲ. ಸರ ಬಿಚ್ಚಿ, ಒಂದೊಂದೇ ಅಟ್ಟೆ ಮಗುಚಿ, ಮತ್ತೆ ಕಟ್ಟಿದೆ. ಯೂನಿಟ್ಟಿಗೆ ಹದಿನೈದು ದಿನ ರಜ ಬರೆದುಕೊಟ್ಟೆ. ಇಪ್ಪತ್ತೈದು ವರ್ಷದಲ್ಲಿ ಅಷ್ಟು ರಜ ಕೇಳಿದವನಲ್ಲ. ಸೂಪರ್‌ವೈಸರ್ ಕಾರಣ ಕೇಳಿದಾಗ ಮನೆಯಲ್ಲಿ ನೇಯ್ಗೆ ಇದೆ ಅಂದೆ.

ಮಾಸಿ ಮುಗಿದು ಪಂಗುನಿ ತಿಂಗಳ ಬಿಸಿಲು ಸುಡುತ್ತಿತ್ತು. ಅಕ್ಕ ತುಳಿಯುವಳು, ನಾನು ಪಕ್ಕದಲ್ಲಿ ಕುಳಿತು ಎಳೆ ಕಾಯುವೆ. ಕಡಿದ ಎಳೆಯನ್ನು ನಾನು ಹುಡುಕಿ ಅವಳ ಬೆರಳಿಗೆ ಕೊಟ್ಟರೆ ಅವಳು ಗಂಟು ಹಾಕುವಳು. ನನ್ನ ಗಂಟು ನಿಲ್ಲುವುದಿಲ್ಲ, ಅವಳದ್ದೇ ಆಗಬೇಕು. ಕನ್ನಡಿಯನ್ನು ನಾನೇ ಬಾಗಿ ಹಿಡಿದು, ಈಗ ದುಂಡು ಮಚ್ಚೆ ಕನ್ನಡಿಯಲ್ಲಿ ಎಡಕ್ಕೆ ಕಾಣುತ್ತಿದೆ ಎಂದು ಹೇಳಿದರೆ, "ಹಂಗಾದ್ರೆ ಸರಿ" ಅನ್ನುವಳು. ಬೆಳಿಗ್ಗೆ ಕಂಡದ್ದು ಮಧ್ಯಾಹ್ನ ಕಾಣುವುದಿಲ್ಲ ಎಂದು ಒಂದು ದಿನ ಹೇಳಿದಳು. ಇನ್ನೊಂದು ದಿನ, ನನ್ನ ಮುಖದಲ್ಲಿ ಕಿವಿ ಕಾಣುತ್ತದೆ ಮೂಗು ಕಾಣುವುದಿಲ್ಲ ಎಂದು ನಕ್ಕಳು. ನಾನು ನಗಲಿಲ್ಲ. ನೇಯ್ಗೆಯೇನೂ ನಿಲ್ಲಲಿಲ್ಲ, ಕಾಲು ತನ್ನ ಪಾಡಿಗೆ ತುಳಿಯುತ್ತಲೇ ಇತ್ತು. ನಡುವೆ ಬಿಡುವಿದ್ದಾಗ ಆ ಯಂತ್ರ ಆಮೇಲೆ ಏನಾಯಿತು ಎಂದು ಕೇಳಿದಳು. ಚಿತ್ರ ಕಳಿಸಿದ ಕೆಲವು ದಿನಕ್ಕೆ ಅದರ ದನಿ ನಿಂತುಹೋಯಿತು, ಆಮೇಲೆ ಎಲ್ಲಿ ಹೋಯಿತೆಂದು ಯಾರಿಗೂ ಸರಿಯಾಗಿ ಗೊತ್ತಿಲ್ಲ ಅಂದೆ.

"ಗೊತ್ತಿಲ್ಲಾಂತ ಎಷ್ಟು ಸಲೀಸಾಗಿ ಹೇಳ್ದೆ ನೋಡು" ಅಂದಳು.

ಈ ಸಲ ಬಟ್ಟೆಯನ್ನು ನಾನೇ ಕತ್ತರಿಸಿದೆ. ಮೊದಲಿನದ್ದನ್ನು ಅಕ್ಕ ಆಗಲೇ ಧೂಳು ಬೀಳದ ಹಾಗೆ ಜಕಾರ್ಡ್ ಪೆಟ್ಟಿಯ ಮೇಲೆ ಹೊದಿಸಿಬಿಟ್ಟಿದ್ದಳು. ಹೊಸದನ್ನು ಮಂಚದ ಮೇಲೆ ಹರಡಿ ಫೋನಿನ ಚಿತ್ರದ ಪಕ್ಕ ಇಟ್ಟು ಮೂರು ಸಲ ನೋಡಿದೆ. ದುಂಡು ಮಚ್ಚೆ ಬಲಕ್ಕೆ, ಬಿಳಿ ಚುಕ್ಕೆಯ ಪುಟ್ಟ ಮಚ್ಚೆ ಅದರ ಕೆಳಗೆ, ಇಲ್ಲದ ಬೆಟ್ಟವೂ ಅದರ ಜಾಗದಲ್ಲಿ. ಸರಿಯಾಗಿದೆ ಎಂದು ಜೋರಾಗಿ ಹೇಳಿದೆ.

ಅಕ್ಕ ಬಾಗಿ ನೋಡಿದಳು. ಹಿಂದೆ ಸರಿದು ನೋಡಿದಳು. ಬಲಗಣ್ಣು ಮುಚ್ಚಿ ನೋಡಿದಳು, ಎಡಗಣ್ಣು ಮುಚ್ಚಿ ನೋಡಿದಳು.

"ನೇರಾ ನೋಡಿದ್ರೆ ಏನೂ ಇಲ್ಲ ತಮ್ಮಾ. ಬರೀ ಮಸುಕು."

ನಾನು ಬಾಯಿ ಮುಚ್ಚಿಕೊಂಡಿದ್ದ ಆ ಹತ್ತು ದಿನ ಎದುರಿಗೆ ಬಂದು ನಿಂತವು. ಅಕ್ಕ ಗೋಡೆಗೆ ಒರಗಿ ಕುಳಿತು, ಮುಖವನ್ನು ಕಿಟಕಿಯ ಕಡೆ ಮಾಡಿ, ಕೈ ಚಾಚಿದಳು.

"ಬಟ್ಟೆ ಎತ್ಕೋ. ಇಲ್ಲಿ, ನನ್ನ ಕಿವಿ ಪಕ್ಕಕ್ಕೆ ಹಿಡಿ. ಅಂಚಲ್ಲಿ ಕಾಣ್ತದೆ. ಮೇಲಿಂದ ಶುರು ಮಾಡು, ಒಂದೊಂದು ಬೆರಳಷ್ಟು ತಳ್ಳು. ಅವಸರ ಮಾಡ್ಬೇಡ."

ಮೊಣಕಾಲೂರಿ ಕುಳಿತು ಬಟ್ಟೆಯನ್ನು ಅವಳ ಕಣ್ಣಂಚಿಗೆ ಹಿಡಿದೆ. ಮೇಲಿನ ಅಂಚಿನಿಂದ ಒಂದು ಬೆರಳಗಲ ಸರಿಸಿದೆ, ಅವಳು "ಹೂಂ" ಅಂದಳು. ಮತ್ತೆ ಸರಿಸಿದೆ. ಒಂದು ಸಾಲು ಮುಗಿದರೆ ಕೆಳಗಿನ ಸಾಲು. ದುಂಡು ಮಚ್ಚೆ ಬಂದಾಗ ಕೈ ಹಿಡಿದು ನಿಲ್ಲಿಸಿದಳು, ಬಿಳಿ ಚುಕ್ಕೆ ಬಂದಾಗ ನಾನು ಹೇಳುವ ಮೊದಲೇ "ಇದೇ ತಾನೆ?" ಅಂದಳು. ನನ್ನ ತೋಳು ನೋಯುತ್ತಿತ್ತು, ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಕೆಳಗಿನ ಅಂಚು ಮುಗಿದು ಕಪ್ಪು ಬಟ್ಟೆ ಬರುವ ಹೊತ್ತಿಗೆ ಬಿಸಿಲು ಕಿಟಕಿ ದಾಟಿ ಹೋಗಿತ್ತು.

"ಎಲ್ಲಾ ನೋಡ್ದೆ" ಅಂದಳು ಅಕ್ಕ. "ಇನ್ನೊಂದ್ಸಲ ತೋರ್ಸು, ಮೊದ್ಲಿಂದ."